ಮೇಲಿನ ಮನೆಯ ನೆಲ

ತಾಜುನ್ನೀಸಾ ನಮಾಜಿನಲ್ಲಿ ಸಜ್ದಾಕ್ಕೆ ಬಾಗಿ ಹಣೆಯನ್ನು ಜಾನಮಾಜಿನ ಚಾಪೆಗೆ ತಾಗಿಸಿದ್ದಳಷ್ಟೆ, ನೆಲ ಮತ್ತೆ ನಡುಗಿತು. ದೊಡ್ಡ ನಡುಕವೇನಲ್ಲ. ಮಲಗಿದ ಎಮ್ಮೆಯ ಮೈಮೇಲೆ ನೊಣ ಕೂತಾಗ ಚರ್ಮವಷ್ಟೇ ಒಮ್ಮೆ ಅದುರುತ್ತದಲ್ಲ, ಹಾಗೆ. ಹಣೆಯಿಂದ ಹೊರಟು ಹಲ್ಲಿನ ಬುಡದವರೆಗೆ ಬಂದು ನಿಂತಿತು. ಓದುತ್ತಿದ್ದುದು ಬಾಯಲ್ಲೇ ಉಳಿಯಿತು. ಇದು ಮೂರನೆಯ ರಕಾತೋ ನಾಲ್ಕನೆಯದೋ ತಿಳಿಯದೆ ಅವಳು ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಮೊದಲಿನಿಂದ ಶುರು ಮಾಡಿದರಾಯಿತೆಂದು ಎದ್ದು ನಿಂತಳು. ಆದರೆ ಮನಸ್ಸಾಗಲಿಲ್ಲ.

"ಅರ್ಶಿಯಾ, ಏನಾದ್ರೂ ಕೆಡವಿದ್ಯೇನೇ?"

ಸೊಸೆ ಅಡುಗೆಮನೆಯಿಂದಲೇ ಹೇಳಿದಳು. "ಇಲ್ಲ ಅಮ್ಮಿ. ಈರುಳ್ಳಿ ಹೆಚ್ತಾ ಕೂತಿದೀನಿ. ಯಾಕೆ, ಮತ್ತೆ ಅಲುಗಾಡ್ತಾ?"

ಆ 'ಮತ್ತೆ'ಯನ್ನು ಅರ್ಶಿಯಾ ಬಹಳ ಮೆತ್ತಗೆ ಹೇಳಿದಳು. ಜ್ವರ ಬಂದವರ ಹತ್ತಿರ ಮಾತಾಡುವ ಮೆತ್ತಗೆ. ತಾಜುನ್ನೀಸಾಗೆ ಅದು ಹಿಡಿಸಲಿಲ್ಲ. "ಏನಿಲ್ಲ ಬಿಡು," ಎಂದು ಜಾನಮಾಜು ಮಡಿಸಿದಳು.

ತುಮಕೂರಿನ ಅಂಚಿನ ಮರಳೂರಿನ ಆ ಮನೆಯನ್ನು ಅವಳ ಗಂಡ ಖುರ್ಷಿದ್ ಪಾಷಾ ಬಹಳ ಹಿಂದೆ ಕೊಂಡಿದ್ದು. ಆಗ ಅದು ಹೆಂಚಿನ ಮನೆ. ಕೆಮ್ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ. ಗುಬ್ಬಿಯಲ್ಲಿ ಅಂಗಡಿಯಿದ್ದ ಅವನು ಅಲ್ಲೇ ಉಳಿದು, ಈ ಮನೆಯನ್ನು ಚನ್ನಬಸವಯ್ಯನವರಿಗೆ ಬಾಡಿಗೆಗೆ ಕೊಟ್ಟ. ಚನ್ನಬಸವಯ್ಯ ಮಠದ ಹಾಸ್ಟೆಲಿನಲ್ಲಿ ಅಡುಗೆಯ ಉಸ್ತುವಾರಿ ನೋಡಿಕೊಂಡಿದ್ದು ನಿವೃತ್ತರಾದವರು. ಅವರ ಹೆಂಡತಿ ತಿಪ್ಪಮ್ಮ. ಇಬ್ಬರಿಗೂ ಮಕ್ಕಳಿಲ್ಲ. ಖುರ್ಷಿದ್ ಪಾಷಾ ಕೊನೆಗಾಲದಲ್ಲಿ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ತಾಜುನ್ನೀಸಾ ಉಳಿದುಕೊಂಡದ್ದು ತಿಪ್ಪಮ್ಮನ ಮನೆಯಲ್ಲೇ. ಬೆಳಗಾದರೆ ಬಿಸಿ ಮುದ್ದೆ, ಸೊಪ್ಪಿನ ಸಾರು ಕಟ್ಟಿ ಕಳಿಸುತ್ತಿದ್ದಳು ತಿಪ್ಪಮ್ಮ. ಆತ ತೀರಿಕೊಂಡ ದಿನ ಆಸ್ಪತ್ರೆಯ ಬಾಗಿಲಲ್ಲಿ ತಾಜುನ್ನೀಸಾಳನ್ನು ಅಪ್ಪಿ ಹಿಡಿದುಕೊಂಡವಳೂ ಅವಳೇ.

ಮಗ ನಯೀಮ್ ತುಮಕೂರಿನಲ್ಲಿ ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿ ಹಾಕಿದ ಮೇಲೆ ಗುಬ್ಬಿ ಬಿಟ್ಟು ಬರುವುದೆಂದು ತೀರ್ಮಾನವಾಯಿತು. "ಬಾಡಿಗೆಯೋರ್ನ ಬಿಡಿಸ್ಬಿಡೋಣ ಅಮ್ಮಿ," ಎಂದ ನಯೀಮ್. ತಾಜುನ್ನೀಸಾ ಒಪ್ಪಲಿಲ್ಲ. "ತಿಪ್ಪಕ್ಕನ್ನ ಬೀದಿಗೆ ಹಾಕಿ ನಾನು ಆ ಮನೇಲಿ ರೊಟ್ಟಿ ತಟ್ಟಲ್ಲ. ಮೇಲೆ ಕಟ್ಟು."

ಮೇಲೆ ಕಾಂಕ್ರೀಟಿನ ಮೋಲ್ಡ್ ಹಾಕಲು ಆ ಗೋಡೆಗಳು ತಡೆಯುವುದಿಲ್ಲ ಎಂದರು ಇಂಜಿನಿಯರ್ ಗಂಗಾಧರ್. ಅವರೇ ದಾರಿಯನ್ನೂ ಹೇಳಿದರು. ಹೆಂಚು ಇಳಿಸಿ, ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆಗಳು, ತೊಲೆಗಳ ಮೇಲೆ ಸಿಮೆಂಟ್ ಬೋರ್ಡು, ಬೋರ್ಡಿನ ಮೇಲೆ ಟೈಲ್ಸು. ಹಗುರ, ಬೇಗನೂ ಆಗುತ್ತದೆ. ಕೆಲಸ ನಡೆಯುವಷ್ಟು ದಿನ ಚನ್ನಬಸವಯ್ಯ ದಂಪತಿ ಕುಣಿಗಲ್ಲಿನಲ್ಲಿ ಅವರ ತಮ್ಮನ ಮಗ ಪ್ರಭುದೇವನ ಮನೆಯಲ್ಲಿದ್ದು ವಾಪಸು ಬಂದರು. ಹೀಗೆ ಒಬ್ಬರ ನೆಲ ಇನ್ನೊಬ್ಬರ ಸೂರಾಯಿತು. ಗೃಹಪ್ರವೇಶದ ದಿನ ಬಂದವರೆಲ್ಲ ಕಾಲಿನಿಂದ ಟೈಲ್ಸು ತಟ್ಟಿ, "ಕೆಳಗೆ ಟೊಳ್ಳು ಅಂತ ಗೊತ್ತೇ ಆಗಲ್ಲ," ಎಂದು ಹೊಗಳಿದರು.

ತಾಜುನ್ನೀಸಾಗೆ ಮಾತ್ರ ಗೊತ್ತಾಯಿತು. ನಿಂತಾಗ ಇಲ್ಲ, ಕೂತಾಗಲೂ ಅಷ್ಟಾಗಿ ಇಲ್ಲ, ಹಣೆ ಊರಿದಾಗ. ಒಮ್ಮೊಮ್ಮೆ ಎರಡು ದಿನ ಏನೂ ಇರುತ್ತಿರಲಿಲ್ಲ. ಒಮ್ಮೊಮ್ಮೆ ಒಂದೇ ನಮಾಜಿನಲ್ಲಿ ಎರಡೆರಡು ಸಲ. ಮೊದಲು ಅವಳು ಬೀದಿಯ ಲಾರಿ ಎಂದುಕೊಂಡಳು. ಕಿಟಕಿಯಲ್ಲಿ ಇಣುಕಿದರೆ ಲಾರಿ ಇರಲಿಲ್ಲ. ವಾಷಿಂಗ್ ಮಷೀನ್ ಎಂದುಕೊಂಡಳು. ಅದು ನಿಂತಿತ್ತು. ನೆರೆಯ ಮನೆಯವರ ಮೋಟರ್ ಎಂದುಕೊಂಡಳು. ಕರೆಂಟೇ ಹೋಗಿದ್ದಾಗಲೂ ನಡುಗಿತು.

ಮಗನಿಗೆ ಹೇಳಿದಳು. ನಯೀಮ್ ಹಾಲಿನಲ್ಲಿ ಆ ಕಡೆಯಿಂದ ಈ ಕಡೆ ನಡೆದು, ಹಿಮ್ಮಡಿ ಕುಟ್ಟಿ, "ನಂಗೇನೂ ಗೊತ್ತಾಗ್ತಿಲ್ವಲ್ಲ ಅಮ್ಮಿ," ಎಂದ. "ಹಂಗೆ ಗೊತ್ತಾಗಲ್ಲ ಕಣೋ, ತಲೆ ಇಟ್ಟು ನೋಡು." ಅವನು ತಲೆ ಇಟ್ಟ. ಆಗ ನೆಲ ಬಂಡೆಯಂತೆ ಸುಮ್ಮನಿತ್ತು. ತಾಜುನ್ನೀಸಾಗೆ ನೆಲದ ಮೇಲೇ ಸಿಟ್ಟು ಬಂತು.

ನಯೀಮ್ ಒಳ್ಳೆಯ ಮಗ. ಇಂಜಿನಿಯರನ್ನೂ ಕರೆಸಿದ, ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದ.

ಗಂಗಾಧರ್ ಬಂದವರು ಮೂಲೆ ಮೂಲೆಗೂ ಮಟ್ಟ ಹಿಡಿದರು, ದಾರ ಎಳೆದು ಅಳೆದರು. ಕೊನೆಗೆ ಶೂ ಬಿಚ್ಚಿಟ್ಟು, ಮನೆಮಂದಿಯ ಎದುರಿಗೇ ಹಾಲಿನ ನಡುವೆ ನಿಂತು ಎಗರಿದರು. ದೊಡ್ಡ ಮೈ. ಷೋಕೇಸಿನ ಲೋಟಗಳು ಸದ್ದು ಮಾಡಿದವು.

"ನೋಡಿ ಅಮ್ಮ, ಯಾವ ನೆಲಾನೂ ಪೂರ್ತಿ ಗಟ್ಟಿ ಇರಲ್ಲ. ತೂಕ ಬಿದ್ರೆ ಬಾಗ್ತದೆ. ಎಷ್ಟು ಬಾಗ್ಬೋದು ಅಂತ ಕೋಡ್ ಇದೆ. ತೊಲೆ ಉದ್ದಾನ ಮುನ್ನೂರು ಭಾಗ ಮಾಡಿದ್ರೆ ಅದ್ರಲ್ಲಿ ಒಂದು ಭಾಗ. ನಿಮ್ದು ಅಷ್ಟೂ ಬಾಗಿಲ್ಲ. ನಾರ್ಮಲ್ ಆಗಿದೆ."

"ಬಾಗೋದಲ್ಲ ಸಾರ್, ನಡುಗೋದು."

ಗಂಗಾಧರ್ ಅವಳನ್ನು ನೋಡಿದರು, ಆಮೇಲೆ ನಯೀಮನನ್ನು ನೋಡಿದರು. "ನಡುಗೋದು ಅಂದ್ರೆ... ಮನೆಗಳಿಗೆ ನಾವು ಅಷ್ಟೊಂದು ನೋಡಲ್ಲ ಅಮ್ಮ. ಬೀಳ್ಬಾರ್ದು, ಬಾಗ್ಬಾರ್ದು. ಮಂಚ, ಬೀರು, ಮನೆ ಮಂದಿ, ಇಷ್ಟಕ್ಕೆ ಏನೂ ಆಗಲ್ಲ. ಛತ್ರ ಗಿತ್ರ ಅಂದ್ರೆ ಲೆಕ್ಕ ಬೇರೆ, ಹೆಚ್ಚುಕಮ್ಮಿ ಎರಡರಷ್ಟು ತಡೀಬೇಕು. ಇದು ಮನೆ ತಾನೆ?"

"ಮನೆನೇ," ಎಂದ ನಯೀಮ್.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟರು, ಕಣ್ಣು ಮುಚ್ಚಿಸಿ ನಡೆಸಿದರು, ತಟ್ಟನೆ ಮಲಗಿಸಿ ತಟ್ಟನೆ ಎಬ್ಬಿಸಿದರು. "ಈ ವಯಸ್ಸಿಗೆ ಎಲ್ಲಾ ನಾರ್ಮಲ್ ಆಗಿದೆ. ಆದ್ರೂ ಒಂದು ಮಾತ್ರೆ ಬರ್ದಿರ್ತೀನಿ, ತಲೆ ಹಗುರ ಆಗ್ತದೆ. ನಮಾಜು ಕುರ್ಚಿ ಮೇಲೆ ಕೂತು ಮಾಡಿ."

ಆಸ್ಪತ್ರೆಯ ಹೊರಗೆ ಆಟೋ ಕಾಯುತ್ತ ತಾಜುನ್ನೀಸಾ ಯೋಚಿಸಿದಳು. ನೆಲ ನಾರ್ಮಲ್, ನಾನೂ ನಾರ್ಮಲ್. ಹಾಗಾದರೆ ನಡುಗುವುದು ಯಾರು?

ಆ ರಾತ್ರಿ ಊಟಕ್ಕೆ ಕೂತಾಗ ನಯೀಮ್ ತಟ್ಟೆಯಿಂದ ತಲೆಯೆತ್ತದೆ ಹೇಳಿದ. "ಅಮ್ಮಿ, ನಿಂಗೆ ಮೇಲೆ ಇರಕ್ಕೆ ಭಯ ಆಗ್ತಿದ್ರೆ ನಾವು ಕೆಳಗೆ ಹೋಗೋಣ. ಅಯ್ಯನೋರಿಗೆ ಹೇಳ್ತೀನಿ. ಅವ್ರಿಗೆ ಕುಣಿಗಲ್ಲಲ್ಲಿ ಪ್ರಭುದೇವಣ್ಣ ಇದಾನಲ್ಲ. ಅರ್ಶಿಯಾಗೂ ಈಗ ಆರನೇ ತಿಂಗಳು, ಮೆಟ್ಟಿಲು ಹತ್ತೋದು ತಪ್ಪುತ್ತೆ."

ತಾಜುನ್ನೀಸಾಳ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ಪ್ರಭುದೇವನ ಮನೆಯಲ್ಲಿದ್ದ ಆ ದಿನಗಳನ್ನು ತಿಪ್ಪಮ್ಮ ಹೇಳಿಕೊಂಡಿದ್ದಳು. ಪ್ರಭುದೇವನ ಹೆಂಡತಿ ಮಾತಿಗೆ ಕಮ್ಮಿ ಮಾಡಿರಲಿಲ್ಲ, ಆದರೆ ಸಕ್ಕರೆ ಡಬ್ಬಿಯನ್ನು ತನ್ನ ರೂಮಿನಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ. 'ನಾನು ಕೆರೆ ಏರಿ ಮೇಲೆ ಹೋಗಿ ಕೂತ್ಕಳೋಳು, ತಾಜಮ್ಮ, ಹೊತ್ತು ಹೋಗ್ಲಿ ಅಂತ,' ಎಂದಿದ್ದಳು ತಿಪ್ಪಮ್ಮ.

"ಬೇಡ," ಎಂದಳು ತಾಜುನ್ನೀಸಾ. "ಮಾತ್ರೆ ತಗೊಂಡ ಮೇಲೆ ನಿಂತಿದೆ."

"ನಿಜವಾಗ್ಲೂ?"

"ನಿಜ ಕಣೋ. ತಲೆನೇ ಇರ್ಬೇಕು."

ಮಾತ್ರೆಯ ಪಟ್ಟಿಯಿಂದ ಅವಳು ಇನ್ನೂ ಒಂದನ್ನೂ ಬಿಡಿಸಿರಲಿಲ್ಲ. ಮಾರನೆಯ ಬೆಳಿಗ್ಗೆ ಒಂದನ್ನು ನುಂಗಿದಳು, ಹೇಳಿದ್ದು ಸುಳ್ಳಾಗದಿರಲಿ ಎಂದು. ಮನೆಯಲ್ಲಿ ಎಲ್ಲರ ಮುಖ ಅಗಲವಾಯಿತು. ಅರ್ಶಿಯಾ ಮೆತ್ತಗೆ ಮಾತಾಡುವುದನ್ನು ಬಿಟ್ಟು ಮೊದಲಿನಂತೆ ಜೋರಾಗಿ ಮಾತಾಡತೊಡಗಿದಳು. ನೆಲ ಮಾತ್ರ ನಡುಗುತ್ತಲೇ ಇತ್ತು. ಅಥವಾ ಇರಲಿಲ್ಲ. ಈಗೀಗ ತಾಜುನ್ನೀಸಾಗೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚೂ ನಡುಗಿದಂತಾಗುತ್ತಿತ್ತು. ಬಚ್ಚಲಿನ ಗೋಡೆಗೆ ಕೈ ಇಟ್ಟರೂ ಏನೋ ಹರಿದಂತೆ. ನಡುಗದಿದ್ದಾಗಲೂ ಈಗ ನಡುಗಬಹುದೆಂದು ಕಾಯುವಳು. ಕಾಯುವುದಕ್ಕೂ ನಡುಕಕ್ಕೂ ವ್ಯತ್ಯಾಸ ಗೊತ್ತಾಗದಂತಾಯಿತು.

ತಿಪ್ಪಮ್ಮನನ್ನು ಕೇಳಿಬಿಡಬೇಕೆಂದು ಒಂದೆರಡು ಸಲ ಕೆಳಗಿಳಿದಿದ್ದಳು. ಕೇಳಿದರೆ, ಮಗ ಮನೆ ಬಿಡಿಸಲು ನೆಪ ಹುಡುಕುತ್ತಿದ್ದಾನೆಂದು ಅವಳಿಗೆ ಅನಿಸಿದರೆ? ಕೇಳದೆ ಬಂದಳು. ತಿಪ್ಪಮ್ಮನೂ ಈಚೆಗೆ ಮೊದಲಿನಂತಿರಲಿಲ್ಲ. ಅಡುಗೆ ಕೋಣೆಗೆ ಕರೆಯುತ್ತಿದ್ದವಳು ಈಗ ಹಜಾರದಲ್ಲೇ ಮಣೆ ಹಾಕುತ್ತಿದ್ದಳು. ಇವಳಿಗೆ ಏನು ಬೇಜಾರಾಗಿದೆಯೋ ಎಂದು ತಾಜುನ್ನೀಸಾ ಅದಕ್ಕೂ ಒಂದಿಷ್ಟು ತಲೆ ಕೆಡಿಸಿಕೊಂಡಳು.

ಅರ್ಶಿಯಾಗೆ ಏಳು ತಿಂಗಳು ತುಂಬಿದಾಗ ಬಸುರಿಯ ಶಾಸ್ತ್ರ ಇಟ್ಟುಕೊಂಡರು. ಭಾನುವಾರ ಮಧ್ಯಾಹ್ನ. ಗುಬ್ಬಿಯಿಂದ ನೆಂಟರು, ಕುಣಿಗಲ್ಲಿನಿಂದ ಅರ್ಶಿಯಾಳ ತವರಿನವರು, ಬೀದಿಯ ಹೆಂಗಸರು. ಅರ್ಶಿಯಾಳ ಅಕ್ಕ ರೂಬಿ ಹಸಿರು ಸೀರೆ, ಹೂವಿನ ಜಡೆ, ಬಳೆ ತಂದಿದ್ದಳು. ಒಬ್ಬೊಬ್ಬರೇ ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಬಂದರು. ತಾಜುನ್ನೀಸಾ ಬಾಗಿಲಲ್ಲಿ ನಿಂತು ಸಲಾಂ ಹೇಳಿ ಒಳಗೆ ಕಳಿಸುತ್ತಿದ್ದಳು. ಮೊದಮೊದಲು ಖುಷಿಯಿತ್ತು. ಹಾಲಿನ ಗೋಡೆಯುದ್ದಕ್ಕೂ ಜನ ಕೂತು ಸಾಲು ನಡುವಿಗೆ ಬಂದಾಗ ಗಂಗಾಧರ್ ಮಾತು ನೆನಪಾಯಿತು. ಮನೆಗೆ ಒಂದು ಲೆಕ್ಕ, ಛತ್ರಕ್ಕೆ ಒಂದು ಲೆಕ್ಕ. ಎಷ್ಟನೆಯ ನೆಂಟರು ಹೊಸ್ತಿಲು ದಾಟಿದಾಗ ಮನೆ ಛತ್ರವಾಗುತ್ತದೆ? ಅದನ್ನು ಅವಳು ಕೇಳಿಯೇ ಇರಲಿಲ್ಲ.

ಹಾಡು ಶುರುವಾಯಿತು. ರೂಬಿ ಢೋಲಕ್ಕು ಹಿಡಿದಳು. ಮಕ್ಕಳು ರೂಮಿನಿಂದ ರೂಮಿಗೆ ಓಡಿದವು. ಯಾರೋ ಇಬ್ಬರು ಹುಡುಗಿಯರು ಎದ್ದು ಕುಣಿದರು. ಷೋಕೇಸಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ತಾಜುನ್ನೀಸಾ ಎಲ್ಲರ ಮುಖ ನೋಡಿದಳು. ಎಲ್ಲರೂ ನಗುತ್ತಿದ್ದರು. ಅವಳ ಕಾಲಿನ ಕೆಳಗೆ ನಡುಗುತ್ತಿತ್ತು. ಈ ಸಲ ನಿಂತಾಗಲೂ. ಅಥವಾ ಮೊಣಕಾಲೇ ನಡುಗುತ್ತಿರಬಹುದು. 'ಮಾತ್ರೆ ತಗೊಂಡ ಮೇಲೆ ನಿಂತಿದೆ' ಎಂದವಳು ತಾನೇ. ತನ್ನ ಆ ಒಂದು ಮಾತಿನ ಮೇಲೆ ಇಷ್ಟು ಜನ ಕೂತಿದ್ದಾರೆ ಅನಿಸಿತು. ಯಾರಿಗೂ ಹೇಳದೆ ಮೆಟ್ಟಿಲಿಳಿದಳು.

ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಚನ್ನಬಸವಯ್ಯ ಹಜಾರದ ಬೆಂಚಿನ ಮೇಲೆ ಟವೆಲ್ ಮುಚ್ಚಿಕೊಂಡು ನಿದ್ದೆ ಹೋಗಿದ್ದರು. ಸಕ್ಕರೆ ಕಾಯಿಲೆಗೆ ಅವರ ಕಣ್ಣು ಈಗೀಗ ಮಂಜಾಗಿತ್ತು. ತಾಜುನ್ನೀಸಾ ದಾಟಿ ಅಡುಗೆ ಕೋಣೆಯ ಬಾಗಿಲಿಗೆ ಹೋದಳು.

ತಿಪ್ಪಮ್ಮ ಗೋಡೆಗೆ ಒರಗಿ ನಿಂತು ಮೇಲೆ ನೋಡುತ್ತಿದ್ದಳು. ಒಲೆಯ ಮೇಲೆ, ಪಾತ್ರೆಗಳ ಮೇಲೆ, ಹಿಟ್ಟಿನ ಡಬ್ಬಿಯ ಮೇಲೆ ಹಳೆಯ ಸೀರೆಗಳನ್ನು ಹೊದಿಸಿದ್ದಳು. ಗೋಡೆಯ ತಲೆಗೆ ತೊಲೆ ಕೂತ ಜಾಗದಿಂದ ಕೆಂಪು ಪುಡಿ ಸಣ್ಣಗೆ, ಜರಡಿ ಹಿಡಿದ ಹಾಗೆ ಉದುರುತ್ತಿತ್ತು. ತಿಪ್ಪಮ್ಮನ ಬಿಳಿ ಬೈತಲೆ ಕೆಂಪಾಗಿತ್ತು. ಮೇಲೆ ಢೋಲಕ್ಕು ಜೋರಾದಂತೆ ಪುಡಿಯೂ ಜೋರಾಗುತ್ತಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಎಷ್ಟು ದಿನದಿಂದ ತಿಪ್ಪಕ್ಕ?" ಎಂದಳು ತಾಜುನ್ನೀಸಾ.

ತಿಪ್ಪಮ್ಮ ಸೆರಗಿನಿಂದ ತಲೆ ಒರೆಸಿಕೊಂಡಳು. "ನೀವು ಬಂದಾಗ್ನಿಂದ್ಲೂ ಅಂತ ಇಟ್ಕೋ. ಇವತ್ತಿನಷ್ಟು ಇರ್ಲಿಲ್ಲ ಬುಡು."

"ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ ಕಣೇ? ನಿಮ್ಮ ನೆಲದಿಂದ ನಮ್ಮನೆಗೆ ಮಣ್ಣು ಬೀಳ್ತದೆ ಅಂದ್ರೆ ನಿನ್ನ ಮಗ ಏನಂತಾನೆ? ರಿಪೇರಿ ಮಾಡಿಸ್ಬೇಕು, ಖಾಲಿ ಮಾಡಿ ಅಂತಾನೆ. ನ್ಯಾಯನೇ. ಆಮೇಲೆ ನಾವೆಲ್ಲಿಗೋಗನ, ಕುಣಿಗಲ್ಗಾ? ನಮ್ಮ ಯಜಮಾನ್ರಿಗೆ ಕಣ್ಣು ಕಾಣಲ್ಲ. ಅವ್ರು ಏಳೋದ್ರೊಳಗೆ ಗುಡಿಸಿ ಆಚೆ ಹಾಕ್ತೀನಿ." ತಿಪ್ಪಮ್ಮ ಹಿಟ್ಟಿನ ಡಬ್ಬಿಯ ಮೇಲಿನ ಸೀರೆಯನ್ನು ಸರಿಪಡಿಸಿದಳು. "ನಿಂಗೆ ತಲೆ ತಿರುಗು ಅಂತ ಡಾಕ್ಟ್ರತ್ರ ಹೋಗಿದ್ದೆ ಅಂದ್ರು. ಆವತ್ತು ಹೇಳ್ಬೇಕಿತ್ತು. ಬಾಯ್ಗೆ ಬಂತು, ಹೇಳಕ್ಕಾಗ್ಲಿಲ್ಲ."

ತಾಜುನ್ನೀಸಾಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ತನ್ನ ತಲೆ ಸರಿಯಿದೆ ಎಂಬ ನೆಮ್ಮದಿಗೆ ಅಲ್ಲೇ ಕುಸಿದು ಕೂರಬೇಕೆನಿಸಿತು. ಮರುಕ್ಷಣವೇ, ತಲೆ ಸರಿಯಿದ್ದರೆ ನೆಲ ಸರಿಯಿಲ್ಲ ಎಂಬುದು ಹೊಳೆಯಿತು.

"ಮಕ್ಕಳು ಕುಣೀತಿದಾರೆ ತಿಪ್ಪಕ್ಕ. ನಾನು ಹೇಳಿದ್ರೆ ಯಾರೂ ನಂಬಲ್ಲ."

"ನಾನು ಬತ್ತೀನಿ ನಡಿ," ಎಂದಳು ತಿಪ್ಪಮ್ಮ. "ಮೊದ್ಲು ಇವ್ರನ್ನ ಎಬ್ಬಿಸಿ ಆಚೆ ಕೂರುಸ್ತೀನಿ."

ಗಂಡನನ್ನು ಬೀದಿಯ ಬೇವಿನ ಮರದಡಿ ಕೂರಿಸಿ, ಮಂಡಿನೋವಿನ ತಿಪ್ಪಮ್ಮ ಒಂದೊಂದೇ ಮೆಟ್ಟಿಲು ಹತ್ತಿದಳು. ತಾಜುನ್ನೀಸಾ ಹಿಂದೆ. ಹಾಲಿನ ಬಾಗಿಲಲ್ಲಿ, ತಲೆಯಿಂದ ಭುಜದವರೆಗೆ ಕೆಂಪು ಮಣ್ಣು ಮೆತ್ತಿಕೊಂಡ ಮುದುಕಿಯನ್ನು ಕಂಡು ರೂಬಿಯ ಕೈ ಢೋಲಕ್ಕಿನ ಮೇಲೇ ನಿಂತಿತು.

"ಎಲ್ರೂ ಕೆಳಗಿಳೀರಮ್ಮ," ಎಂದಳು ತಿಪ್ಪಮ್ಮ. "ಒಬ್ಬೊಬ್ರೇ, ಗೋಡೆ ಪಕ್ಕದಲ್ಲಿ. ಬಸುರಿ ಮೊದ್ಲು."

ನಯೀಮ್ ಬಿರಿಯಾನಿಯ ದೇಗ್ಚಿಯ ಹತ್ತಿರದಿಂದ ಓಡಿ ಬಂದ. "ಏನಜ್ಜಿ, ಏನಾಯ್ತು?" ಎಂದವನು ಅವಳ ತಲೆಯನ್ನು ನೋಡಿದ. ಕೈಯಿಂದ ಅವಳ ಭುಜದ ಪುಡಿ ತೆಗೆದು ಬೆರಳಲ್ಲಿ ಉಜ್ಜಿದ. ಹೆಂಚು ಇಳಿಸಿ ತೊಲೆ ಕೂರಿಸುವಾಗ ಅದೇ ಮಣ್ಣನ್ನು ಎಷ್ಟು ದಿನ ಮೈಗೆ ಮೆತ್ತಿಕೊಂಡಿದ್ದನೋ. ಅವನು ತಾಯಿಯ ಕಡೆ ನೋಡಿದ. ತಾಜುನ್ನೀಸಾ ನೋಟ ತಪ್ಪಿಸಿ ಅರ್ಶಿಯಾಳ ಕೈ ಹಿಡಿದುಕೊಂಡಳು.

ಊಟ ಬೀದಿಯಲ್ಲಾಯಿತು. ಪಕ್ಕದ ಮನೆಯವರು ಜಮಖಾನ ತಂದು ಹಾಸಿದರು. ಯಾಕೆ ಇಳಿಸಿದರು, ಏನಾಯಿತು ಎಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಹಾವು ಬಂದಿತ್ತೆಂದು ಕೆಲವರು, ಗ್ಯಾಸ್ ಲೀಕೆಂದು ಕೆಲವರು. ಚನ್ನಬಸವಯ್ಯ ಬಿರಿಯಾನಿಯ ವಾಸನೆಗೆ ಟವೆಲ್ ಮೂಗಿಗೆ ಹಿಡಿದು, ಆದರೂ ಎದ್ದುಹೋಗದೆ, ಬಂದವರಿಗೆಲ್ಲ "ನಿಧಾನಕ್ಕೆ ಊಟ ಮಾಡಿ" ಎನ್ನುತ್ತ ಕೂತಿದ್ದರು. ಮನೆ ಬೀಳಲಿಲ್ಲ. ಸಂಜೆಯವರೆಗೂ ಎಲ್ಲರೂ ತಿರುತಿರುಗಿ ನೋಡಿದರು. ಅದು ನಿಂತೇ ಇತ್ತು.

ಗಂಗಾಧರ್ ಮಾರನೆಯ ದಿನ ಏಣಿ ಹಾಕಿಸಿ ತಿಪ್ಪಮ್ಮನ ಅಡುಗೆ ಕೋಣೆಯ ಸೂರನ್ನು ಟಾರ್ಚು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಕೆಳಗಿಳಿದಾಗ ಅವರ ಮುಖದಲ್ಲಿ ಹೋದ ಸಲದ ಗಟ್ಟಿತನ ಇರಲಿಲ್ಲ.

"ತೊಲೆ ಸರಿ ಇದೆ. ತೊಲೆ ಕೂತಿರೋ ಇಟ್ಟಿಗೆ ಪುಡಿಯಾಗ್ತಿದೆ. ಅದಕ್ಕೆ ಕುಲುಕ್ತಿದೆ. ಕುಲುಕಿದಷ್ಟೂ ಪುಡಿ, ಪುಡಿಯಾದಷ್ಟೂ ಕುಲುಕು. ನಾನು ಆವತ್ತು ಮೇಲಿಂದ ನೋಡ್ದೆ ಅಮ್ಮ. ಕೆಳಗಿನಿಂದ ನೋಡ್ಬೇಕು ಅಂತ ಹೊಳೀಲಿಲ್ಲ."

"ನಿನ್ನೆ ಬೀಳ್ತಿತ್ತಾ ಸಾರ್?" ಎಂದ ನಯೀಮ್.

"ಬೀಳ್ತಿತ್ತು ಅಂತ ಹೇಳಕ್ಕಾಗಲ್ಲ. ಬೀಳ್ತಿರ್ಲಿಲ್ಲ ಅಂತಾನೂ ಹೇಳಕ್ಕಾಗಲ್ಲ."

ಗೋಡೆಯ ತಲೆಗೆ ಕಲ್ಲಿನ ದಿಂಡು ಕೂರಿಸಬೇಕು. ತೊಲೆಯ ನಡುವಿಗೆ ಕೆಳಗಿನಿಂದ ಒಂದು ಕಬ್ಬಿಣದ ಕಂಬ ಕೊಡಬೇಕು. ಕಂಬ ಬರುವುದು ತಿಪ್ಪಮ್ಮನ ಅಡುಗೆ ಕೋಣೆಯ ನಟ್ಟನಡುವೆ. ನಯೀಮ್ ಹಿಂದೆ ಮುಂದೆ ನೋಡಿದ. "ಅಜ್ಜಿ, ನಿಮಗೆ ಕಷ್ಟ ಆಗ್ತದೆ. ಬೇಕಾದ್ರೆ..."

"ಬೇಕಾದ್ರೆ ಗೀಕಾದ್ರೆ ಏನಿಲ್ಲ, ನಿಲ್ಸಪ್ಪ," ಎಂದಳು ತಿಪ್ಪಮ್ಮ. "ಸುತ್ತಾಕ್ಕೊಂಡು ಓಡಾಡ್ತೀನಿ."

ಕೆಲಸ ಮುಗಿಯುವವರೆಗೆ ಎರಡು ಮನೆಯವರೂ ಎದುರು ಬೀದಿಯಲ್ಲಿ ಖಾಲಿಯಿದ್ದ ಮನೆಯೊಂದರಲ್ಲಿ ಒಂದೊಂದು ಕೋಣೆ ಹಿಡಿದರು. ಒಂದು ಬೆಳಿಗ್ಗೆ ನಯೀಮ್ ತಾಯಿಯ ದಿಂಬಿನ ಪಕ್ಕದಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಎತ್ತಿ ನೋಡಿ, "ಇದನ್ನ ಬಿಟ್ಬಿಡು ಅಮ್ಮಿ," ಎಂದಷ್ಟೇ ಹೇಳಿದ. ಬಿಡುವುದೋ ಬೇಡವೋ ತಾಜುನ್ನೀಸಾಗೆ ತಿಳಿಯಲಿಲ್ಲ. ಈಗ ಅದನ್ನು ನುಂಗಿದರೆ ನಿಜವಾಗಿಯೂ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಅರ್ಶಿಯಾ ಹೆಣ್ಣು ಮಗು ಹೆತ್ತಳು. ವಾಪಸು ಮನೆಗೆ ಬಂದ ಮೇಲೆ ತಾಜುನ್ನೀಸಾ ಅದೇ ಜಾಗದಲ್ಲಿ ನಮಾಜು ಮಾಡಿದಳು. ನೆಲ ಸುಮ್ಮನಿತ್ತು. ಒಮ್ಮೊಮ್ಮೆ ಸುಮ್ಮನಿಲ್ಲವೆಂದೂ ಅನಿಸುತ್ತಿತ್ತು. ಈಗ ಅವಳು ಅದನ್ನು ಬಚ್ಚಿಡುತ್ತಿರಲಿಲ್ಲ; ಕೆಳಗಿಳಿದು ತಿಪ್ಪಮ್ಮನಿಗೆ ಹೇಳುತ್ತಿದ್ದಳು. ತಿಪ್ಪಮ್ಮ ಕಂಬಕ್ಕೆ ಅಂಗೈ ಒತ್ತಿ ಹಿಡಿದು, ಕಣ್ಣು ಮುಚ್ಚಿ, "ನಂಗೇನೂ ತಿಳೀತಿಲ್ಲ ಕಣೇ. ಹಂಗಂತ ಇಲ್ಲ ಅಂತಲ್ಲ," ಎನ್ನುತ್ತಿದ್ದಳು.

ಅವರೆಕಾಯಿ ಕಾಲ ಬಂತು. ತಿಪ್ಪಮ್ಮ ಕಂಬಕ್ಕೆ ಹಗ್ಗ ಸುತ್ತಿ ಕೈವಸ್ತ್ರ ಒಣಗಹಾಕಲು ಶುರುಮಾಡಿದ್ದಳು. ಚನ್ನಬಸವಯ್ಯ ಕತ್ತಲಲ್ಲಿ ನೀರಿಗೆ ಬಂದಾಗ ಮೊದಲು ಅದನ್ನು ತಡವಿ ಆಮೇಲೆ ಹೂಜಿಯ ಕಡೆ ತಿರುಗುತ್ತಿದ್ದರು. ಒಂದು ಮಧ್ಯಾಹ್ನ ಇಬ್ಬರು ಹೆಂಗಸರೂ ಅಡುಗೆ ಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತರು. ಮೊರ ನಡುವೆ ಇಟ್ಟಿದ್ದರಿಂದ ಕಂಬವೂ ನಡುವೆ ಬಂತು. ತಿಪ್ಪಮ್ಮ ಏನೋ ಹೇಳಿದಳು. ತಾಜುನ್ನೀಸಾ ಕೇಳಿಸದೆ ಎಡಕ್ಕೆ ವಾಲಿದಳು. ಅದೇ ಹೊತ್ತಿಗೆ ತಿಪ್ಪಮ್ಮ ಅವಳ ಮುಖ ನೋಡಲು ಇನ್ನೊಂದು ಕಡೆಗೆ ವಾಲಿದಳು. ಮತ್ತೆ ಕಂಬ ಅಡ್ಡವಾಯಿತು. ಇಬ್ಬರೂ ಮತ್ತೆ ವಾಲಿದರು. ಮೊರದ ತುಂಬ ಹಸಿರು ಕಾಳು, ಸುತ್ತಲೂ ಸಿಪ್ಪೆ, ಕೋಣೆಯ ತುಂಬ ಸೊಗಡಿನ ವಾಸನೆ.